ನಕ್ಷತ್ರಕ್ಕೆ ಕಟ್ಟಿದ ಬುತ್ತಿ

ನಕ್ಷತ್ರಗಳನ್ನು ಮುಟ್ಟಬೇಕೆಂಬುದು ಮನುಷ್ಯಕುಲದ ಸನಾತನ ಹಂಬಲ. ಆ ಭಾನುವಾರ ನನಗಿದ್ದ ಹಂಬಲ ಅಷ್ಟು ಎತ್ತರದ್ದಲ್ಲ: ಚಹಾ ಬರುವ ತನಕ ಜನ ಎದ್ದು ಹೋಗಬಾರದು.

ಎಂಬತ್ತರ ದಶಕದ ಆರಂಭ. ನಾನು ಪುಣೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ತಿಂಗಳಿಗೊಮ್ಮೆ ಪೇಟೆಯ ನಮ್ಮ ಕನ್ನಡ ಮಂಡಳಿಯಲ್ಲಿ ವಿಜ್ಞಾನದ ಮೇಲೆ ನನ್ನ ಭಾಷಣ. ಮಂಡಳಿಯ ಕಾರ್ಯದರ್ಶಿ ಜವಳಿ ವ್ಯಾಪಾರಿ. ಆ ದಿನ ನನ್ನನ್ನು ಬಾಗಿಲಲ್ಲೇ ತಡೆದರು.

"ಸರ, ಈ ಸಲಾನೂ ಮಂದಿ ಎದ್ದು ಹೋದ್ರ ಮುಂದಿನ ತಿಂಗಳಿಂದ ಭಜನಿ ಇಡ್ತೀವಿ ನೋಡ್ರಿ. ಭಜನ್ಯಾಗ ಯಾರೂ ಏಳಂಗಿಲ್ಲ."

ಭಾಷಣ ಶುರುಮಾಡಿ, ಹತ್ತಿರದ ನಕ್ಷತ್ರಕ್ಕೆ ಬೆಳಕೇ ನಾಲ್ಕು ವರ್ಷ ನಡೆಯಬೇಕು ಎಂದೆ. ಹಿಂದಿನ ಸಾಲಿನಲ್ಲೊಬ್ಬರು ಕಾಲಲ್ಲಿ ಚಪ್ಪಲಿ ಹುಡುಕತೊಡಗಿದರು. ಗಾಬರಿಯಾಗಿ ರಾಕೆಟ್ಟಿನ ಮಾತು ಬಿಟ್ಟು ಬುತ್ತಿಯ ಮಾತು ಹಿಡಿದೆ. ವಿಜಾಪುರಕ್ಕೆ ನಡೆದು ಹೊರಟಿದ್ದೀರಿ, ದಾರಿಯಲ್ಲಿ ತಿನ್ನಲು ಏನೂ ಸಿಗದು. ಬುತ್ತಿ ಹೊರಲು ಒಬ್ಬ ಆಳು. ಅವನಿಗೂ ರೊಟ್ಟಿ ಬೇಕು. ಆ ರೊಟ್ಟಿ ಹೊರಲು ಇನ್ನೊಬ್ಬ ಆಳು, ಅವನಿಗೂ ರೊಟ್ಟಿ. ರಾಕೆಟ್ಟಿನ ಇಂಧನವೂ ಹೀಗೆ, ಅದರ ಬಹುಪಾಲು ಉಳಿದ ಇಂಧನವನ್ನು ಹೊರುವುದಕ್ಕೇ ಮುಗಿಯುತ್ತದೆ.

ಮುಂದಿನ ಸಾಲಿನಿಂದ ಕಾರ್ಯದರ್ಶಿಯ ತಾಯಿ ಕೇಳಿದರು: "ಮೆತ್ತನ್ನ ರೊಟ್ಟಿನೋ, ಖಡಕ್ ರೊಟ್ಟಿನೋ? ಖಡಕ್ ಆದ್ರ ಹಗುರ ಇರ್ತಾವ."

ಕಡಿಮೆ ತೂಕದಲ್ಲಿ ಹೆಚ್ಚು ಬಲ ಕೊಡುವ ಇಂಧನ ಯಾವುದು ಎಂದೇ ವಿಜ್ಞಾನಿಗಳೂ ತಲೆ ಕೆಡಿಸಿಕೊಂಡಿದ್ದಾರೆ ಎಂದೆ. ಸಭೆ ನೆಟ್ಟಗೆ ಕೂತಿತು.

"ದಾರ್ಯಾಗ ಬೀಗರ ಮನಿ ಒಂದೂ ಇಲ್ಲೇನ್ರಿ?" ಎಂದು ಒಬ್ಬ ರೈಲ್ವೆ ಗುಮಾಸ್ತರು.

ಇಲ್ಲವೆಂದೆ. ಮರುಕದ ಉದ್ಗಾರಗಳು ಬಂದವು.

"ಹಂಗಾದ್ರ ಬುತ್ತಿ ತೀರಿದ ಆಳನ್ನ ಅಲ್ಲಿಂದನ ತಿರುಗಿ ಕಳಿಸ್ರಿ!" ಹಿಂದಿನಿಂದ ಒಬ್ಬರು ಕೂಗಿದರು.

"ಅಂವಾ ತಿರುಗಿ ಹೋಗೂ ಮುಂದ ಏನ್ ಮಣ್ಣು ತಿನ್ನಬೇಕೇನು?" ತಾಯಿ ಗದರಿದರು.

ರಾಕೆಟ್ ಇಂಧನ ತೀರಿದ ಖಾಲಿ ಟಾಕಿಯನ್ನು ಕಳಚಿ ಎಸೆಯುತ್ತದೆ, ಅದರ ಊಟ ವಿಚಾರಿಸುವುದಿಲ್ಲ ಎಂದೆ. ಅವರಿಗೆ ಅದು ಹಿಡಿಸಲಿಲ್ಲ. ನಕ್ಷತ್ರದ ದಾರಿಯಲ್ಲಿ ಬ್ರೇಕಿಗೆ ಗಾಳಿಯೂ ಇಲ್ಲ, ರಸ್ತೆಯೂ ಇಲ್ಲ. ನಿಲ್ಲಲೂ ಹೊರಟಷ್ಟೇ ಜೋರಾಗಿ ಎದುರು ದಿಕ್ಕಿಗೆ ಉರಿಸಬೇಕು, ಆ ಇಂಧನವನ್ನೂ ಇಲ್ಲಿಂದಲೇ ಹೊರಬೇಕು ಎಂದಾಗ ಗದ್ದಲವೆದ್ದಿತು.

"ನಿಲ್ಲಾಕೂ ಬುತ್ತಿನ?"

"ಮತ್ತ ಹೊಳ್ಳಿ ಬರಾಕ?"

ಲೆಕ್ಕ ಹಾಕಿದಂತೆಲ್ಲ ಆಳುಗಳ ಸಾಲು ಬೆಳೆಯುತ್ತ ಹೋಯಿತು. ಜೋಳ ಸಾಲದೆಂದು ಇಬ್ಬರು, ಹೋಗುವುದೇ ಬೇಡವೆಂದು ತಾಯಿ. ಚಹಾ ತಂದವನು ಕೆಟಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ.

ಕಾರ್ಯದರ್ಶಿ ನನ್ನ ಬಳಿ ಬಂದರು. "ಮುಂದಿನ ತಿಂಗಳ ಚಂದ್ರನ ಮ್ಯಾಲ ಹೇಳ್ರಿ ಸರ. ಅದು ಸಮೀಪ ಅದ."

ಮುಂದಿನ ತಿಂಗಳು ಚಂದ್ರನ ಮೇಲೆ ಭಾಷಣವಾಯಿತು.