ಕೆಂಪು ಟ್ರೇಗೆ ಹೋದ ಚಿಮಟ

ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ತೊಳೆದು ಹಬೆಯಲ್ಲಿ ಬೇಯಿಸಿದವಳಿಗೆ ಎಲ್ಲರೂ ಇಟ್ಟ ಹೆಸರು ದಾರದಕ್ಕ. ಒಂದೊಂದು ಟ್ರೇಗೂ ಒಂದೊಂದು ಬಣ್ಣದ ದಾರ ಕಟ್ಟುತ್ತಿದ್ದಳು. ಹಸಿರಿನ ಕತ್ತರಿ ಹಸಿರಿಗೇ, ಕೆಂಪಿನದು ಕೆಂಪಿಗೇ.

"ಎಲ್ಲಾ ಹಬೇಲಿ ಬೇಯೋದೇ ಅಲ್ವಾ ಅಕ್ಕಾ, ಯಾವುದು ಎಲ್ಲಿದ್ರೇನು?" ಎಂದು ಜೊತೆಯವಳು ಕೆಣಕಿದರೆ, "ನಿಮ್ಮ ಭಾವನ ಬ್ರಷ್ ಬೇಯ್ಸಿ ಕೊಡ್ತೀನಿ, ಹಲ್ಲುಜ್ತೀಯಾ?" ಎನ್ನುತ್ತಿದ್ದಳು. ಅವಳ ಬಾಯಿಗೆ ಎದುರು ನಿಲ್ಲುವವರು ಯಾರು!

ಆ ಬೆಳಿಗ್ಗೆ ಹಿರಿಯ ನರ್ಸ್ ಏದುಸಿರು ಬಿಡುತ್ತ ಇಳಿದು ಬಂದರು.

"ಹೋದ ವಾರ ಒಬ್ಬ ಮೇಷ್ಟ್ರಿಗೆ ತಲೆ ಆಪರೇಷನ್ ಆಯ್ತಲ್ಲ, ಅವರ ವರದಿ ಬಂದಿದೆ. ಮೆದುಳನ್ನೇ ತಿನ್ನೋ ಪ್ರಿಯಾನ್ ಕಾಯಿಲೆ. ಅದು ಕ್ರಿಮಿ ಅಲ್ಲ, ಕೆಟ್ಟುಹೋದ ಪ್ರೋಟೀನು. ನಮ್ಮ ಹಬೆಗೆಲ್ಲ ಬಗ್ಗಲ್ಲ. ಅದೇ ಚಿಮಟ ಇನ್ನೊಬ್ಬರ ಮೆದುಳಿಗೆ ತಾಗಿದ್ರೆ ಅವರಿಗೂ ಬರಬಹುದು, ಬಂದ್ರೆ ಔಷಧಿನೇ ಇಲ್ಲ. ಅವರಿಗೆ ಬಳಸಿದ ಹಸಿರು ಟ್ರೇ ಎಲ್ಲಿ?"

"ಇಲ್ಲೇ ಇದೆ. ಆಮೇಲೆ ಯಾರಿಗೂ ಕೊಟ್ಟಿಲ್ಲ."

"ಬದುಕಿದೆವು ಕಣೇ! ನಿನ್ನ ದಾರ ಕಾಪಾಡ್ತು."

ದಾರದಕ್ಕ ಹಿಗ್ಗಿ ಹೀರೇಕಾಯಿಯಾದಳು. ಮರುಗಳಿಗೆಯೇ ನೆನಪಾಯಿತು. ದೊಡ್ಡ ಡಾಕ್ಟರು ನಿನ್ನೆಯಷ್ಟೇ, "ಆ ಸಣ್ಣ ಮೂತಿಯ ಚಿಮಟ ನನ್ನ ಕೈಗೆ ಚೆನ್ನಾಗಿ ಕೂರುತ್ತೆ, ನಾಳೆ ಕೆಂಪು ಟ್ರೇಗೆ ಹಾಕಮ್ಮ" ಎಂದಿದ್ದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅವರ ಮೇಲಿನ ಪ್ರೀತಿಗೆ, ಅವಳು ಹಸಿರಿನಿಂದ ಎತ್ತಿ ಕೆಂಪಿಗೆ ಹಾಕಿದ್ದಳು. ಕೆಂಪು ಟ್ರೇ ಹತ್ತೊಂಬತ್ತರ ಹುಡುಗಿಯೊಬ್ಬಳ ತಲೆಯ ಗೆಡ್ಡೆ ತೆಗೆಯಲೆಂದು ಆಗಲೇ ಮೇಲೆ ಹೋಗಿತ್ತು!

ಫೋನ್ ಮಾಡಿದರೆ ಥಿಯೇಟರಿನಲ್ಲಿ ಎತ್ತುವವರಿಲ್ಲ. ಲಿಫ್ಟ್ ಮೂರನೇ ಮಹಡಿಯಲ್ಲೇ ನಿಂತಿದೆ. ಮಂಡಿನೋವಿನ ದಾರದಕ್ಕ ಸೀರೆ ಎತ್ತಿ ಕಟ್ಟಿ, ಎದ್ದೆನೋ ಬಿದ್ದೆನೋ ಎಂದು ನಾಲ್ಕು ಮಹಡಿ ಓಡಿ ಹತ್ತಿದಳು. ಒಂದು ಚಪ್ಪಲಿ ಎರಡನೇ ಮಹಡಿಯಲ್ಲೇ ಉಳಿಯಿತು. ಬಾಗಿಲು ಬಡಿದು ಒಂದೇ ಸಮನೆ ಕಿರುಚಿದಳು:

"ನಿಲ್ಸಿ ಸಾರ್! ಕೆಂಪು ಟ್ರೇ ಮುಟ್ಬೇಡಿ!"

ಟ್ರೇ ಬಿಚ್ಚಿಯಾಗಿತ್ತು. ಹುಡುಗಿ ಮಂಪರಿನಲ್ಲಿದ್ದಳು. ಚಾಕು ಇನ್ನೂ ತಾಗಿರಲಿಲ್ಲ.

ವಿಷಯ ಕೇಳಿ ದೊಡ್ಡ ಡಾಕ್ಟರು ಬಿಳಿಚಿಕೊಂಡರು. "ಹಸಿರಿನದು ಇಲ್ಲಿಗೆ ಹೇಗೆ ಬಂತು?" ಎಂದು ಹಿಂದೆಯೇ ಹತ್ತಿ ಬಂದ ಹಿರಿಯ ನರ್ಸ್ ಗದರಿದರು. ನೀವೇ ಹೇಳಿದಿರಲ್ಲ ಎಂದು ಡಾಕ್ಟರ ಕಡೆ ಬೆರಳು ತೋರಿಸಬಹುದಿತ್ತು.

"ಬೆರೆಸಿದ್ದು ನಾನೇ" ಎಂದಳು ದಾರದಕ್ಕ.

"ಬೆರೆಸು ಅಂದಿದ್ದು ನಾನು" ಎಂದರು ಡಾಕ್ಟರು.

ಎರಡೂ ಟ್ರೇಗಳನ್ನು ಸುಡಲು ಕಳಿಸಿದರು. ಬೇರೆ ಟ್ರೇ ಬರಬೇಕಿತ್ತು. ಹೊರಗೆ ಬೆಂಚಿನ ಮೇಲೆ ಹುಡುಗಿಯ ತಾಯಿ ಸಿಡಿಮಿಡಿಗುಟ್ಟುತ್ತಿದ್ದಳು: "ಇನ್ನೂ ಶುರುನೇ ಮಾಡಿಲ್ವಂತೆ! ಎಷ್ಟೊತ್ತು ಕಾಯೋದಮ್ಮಾ?"

ದಾರದಕ್ಕ ಒಂಟಿ ಚಪ್ಪಲಿಯಲ್ಲೇ ಅವಳ ಪಕ್ಕ ಕುಸಿದು ಕುಳಿತಳು. ನಗು, ಅಳು ಒಟ್ಟಿಗೇ ಉಕ್ಕಿ ಬಂತು.

"ಕಾಯೋಣ ತಾಯಿ," ಎಂದಳು. "ಎಷ್ಟೊತ್ತಾದ್ರೂ ಕಾಯೋಣ."