ಧನಪಾಲ ಡಾಕ್ಟರರ ಮರುಪ್ರಶ್ನೆ
ಅಥಣಿಯ ದನದ ಡಾಕ್ಟರ್ ಧನಪಾಲ ಚೌಗಲಾ ಅವರನ್ನು ಏನೇ ಕೇಳಿದರೂ ತಿರುಗಿ ಬರುವುದು ಒಂದೇ ಮಾತು: “ನೀ ಏನ್ ಮಾಡ್ತಿ, ಅದನ್ನ ಮೊದ್ಲ ಹೇಳು.” ತಾವು ಕಲಿತ ಸತ್ತಿ ಊರಿನ ಶಾಲೆಯ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಚಹಾಕ್ಕೆ ಸಕ್ಕರೆ ಎಷ್ಟು ಎಂದವರಿಗೂ “ನಿನಗೆಷ್ಟ ಬೇಕು?” ಎನ್ನುವರು. ಅದೇ ಶಾಲೆಯಲ್ಲಿ ಕಲಿತು 2013ರಲ್ಲಿ ದನದ ಡಾಕ್ಟರಾದ ಪ್ರಾಜಕ್ತಾಳನ್ನು ಹಳೆ ವಿದ್ಯಾರ್ಥಿಗಳ ಸಂಘದವರು ಮಾರ್ಗದರ್ಶನಕ್ಕೆಂದು ಇವರ ಕೈಗೆ ಒಪ್ಪಿಸಿದರು. ಪ್ರತಿ ಶನಿವಾರ ಬೆಳಿಗ್ಗೆ ಅವಳು ಫೋನ್ ಮಾಡಿ ಆ ವಾರದ ತಪ್ಪುಗಳನ್ನು ಹೇಳಬೇಕು; ತಪ್ಪೇ ಆಗಿಲ್ಲ ಎಂದರೆ “ಹಂಗಾರ ವಾರಾ ಪೂರ್ತಿ ಮಕ್ಕೊಂಡಿದ್ಯೇನವಾ?” ಎಂದು ನಗುವರು. ವರ್ಷವಾದರೂ ಅವರಿಂದ ಒಂದು ನೇರ ಉತ್ತರ ಬರಲಿಲ್ಲ. ಉತ್ತರಗಳು ಅವಳ ಬಾಯಿಂದಲೇ ಬರತೊಡಗಿದವು. ಆದರೆ ಹಳ್ಳಿಯ ಸರಿತಾಬಾಯಿ ಎಂಬಾಕೆಯ ಎಮ್ಮೆ ಈಯಲಾರದೆ ಸೋತು ಮಲಗಿದ ದಿನ ಮಾತ್ರ ಅವಳು ಹೆದರಿ ಫೋನ್ ಮಾಡಿ, “ಸರ್, ನೀವ ಬರಬೇಕ್ರಿ,” ಎಂದಳು. ಬೈಕ್ ಮೇಲೆ ಧಾವಿಸಿ ಬಂದವರು ಅವಳ ಬೆನ್ನ ಹಿಂದೆ ನಿಂತು ಕೇಳಿದರು: “ಏನ್ ಮಾಡ್ತಿ?” “ಕರುವಿನ ಕುತ್ತಿಗಿ ಹಿಂದ ಮಡಚೇತ್ರಿ. ಒಳಗ ನೂಕಿ, ಸರಿಮಾಡಿ ಎಳೀತೇನ್ರಿ.” “ಮಾಡು ಮತ್ತ.” ಅರ್ಧ ತಾಸಿನಲ್ಲಿ ಕರು ನೆಲಕ್ಕಿಳಿದು ಕಿವಿ ಕೊಡವಿತು. ಬೆವರೊರೆಸಿಕೊಂಡು ಪ್ರಾಜಕ್ತಾ ಹಿಂತಿರುಗಿ ನೋಡಿದಳು. ಧನಪಾಲ ಡಾಕ್ಟರ್ ಬೇಕಾದರೆ ತಾವೇ ಕೈಹಾಕಲೆಂದು ಹೆಗಲಿನವರೆಗೆ ತೊಟ್ಟಿದ್ದ ಕೈಗವಸುಗಳನ್ನು ಸದ್ದಿಲ್ಲದೆ ಬಿಚ್ಚುತ್ತಿದ್ದರು.