ಅಪ್ಪ ಕಂಡೆನೆಂದ ಅರುಂಧತಿ

ಅರುಂಧತಿ ನಕ್ಷತ್ರವನ್ನು ದಿಟ್ಟಿಸಿ ನೋಡಬಾರದು. ಸಪ್ತರ್ಷಿ ಮಂಡಲದ ಬಾಲದಲ್ಲಿ ತುದಿಯಿಂದ ಎರಡನೆಯದು ವಸಿಷ್ಠ. ಅದರ ಮಗ್ಗುಲಿಗೇ ಒಂದು ಮಸುಕಾದ ಬಿಳಿ ಚುಕ್ಕಿಯಿದೆ. ನೇರವಾಗಿ ನೋಡಿದರೆ ಕರಗಿದಂತಾಗುತ್ತದೆ, ಕಣ್ಣನ್ನು ಒಂಚೂರು ಪಕ್ಕಕ್ಕೆ ಸರಿಸಿದರೆ ಮತ್ತೆ ಕಾಣುತ್ತದೆ. ಜಗಳೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಪ್ರತಿ ವರ್ಷ ಮಕ್ಕಳಿಗೆ ಇದನ್ನು ಹೇಳುತ್ತೇನೆ. ಅದು ಮಂಕಾಗಿ ಕಾಣುವುದು ದೂರದಿಂದಾಗಿ ಮಾತ್ರ, ನಿಜಕ್ಕೂ ಅದು ನಮ್ಮ ಸೂರ್ಯನಿಗಿಂತ ಹತ್ತು ಪಟ್ಟಿಗೂ ಹೆಚ್ಚು ಪ್ರಖರ, ಅದರ ಬೆಳಕು ನಮ್ಮನ್ನು ಮುಟ್ಟಲು ಎಂಬತ್ತು ವರ್ಷಗಳ ಮೇಲೆ ಬೇಕು ಎಂದೂ ಹೇಳುತ್ತೇನೆ. ಅರುಂಧತಿ ಕಂಡರೆ ಕಣ್ಣು ಚೆನ್ನಾಗಿದೆ ಎಂದರ್ಥ ಎಂದು ಕೂಡ ಹೇಳುತ್ತಿದ್ದೆ. ಆ ಮಾತನ್ನು ಈಗ ಬಿಟ್ಟಿದ್ದೇನೆ.

ಅಪ್ಪ ನ್ಯಾಮತಿಯಲ್ಲಿ ದರ್ಜಿ. ಮುಂದೆ ಅಂಗಡಿ, ಹಿಂದೆ ಮನೆ. ಅವ್ವನ ತವರು ಚನ್ನಗಿರಿ ಕಡೆ, ಸೂಳೆಕೆರೆ ಏರಿಯ ಹತ್ತಿರದ ಹಳ್ಳಿ. ಅವರ ಮದುವೆಯಾದದ್ದು ಅಲ್ಲಿಯೇ, ಮಟಮಟ ಮಧ್ಯಾಹ್ನ. ಚಪ್ಪರದಿಂದ ಹೊರಗೆ ಕರೆದುಕೊಂಡು ಬಂದು ಭಟ್ಟರು ಉರಿಬಿಸಿಲಿನ ಆಕಾಶಕ್ಕೆ ಕೈ ತೋರಿಸಿದರಂತೆ. ಅಪ್ಪ ಇದನ್ನು ಹೇಳುವಾಗಲೆಲ್ಲ ನಗುತ್ತಿದ್ದ.

“ಅರುಂಧತಿ ಕಂಡ್ಳಾ ಅಂದ್ರು, ಕಂಡ್ಳು ಅಂದೆ. ಎಲೆ ಹಾಕಿ ಬಡಿಸಾಕೆ ನಿಂತಿದ್ರು ಕಣವ್ವ. ಇಲ್ಲ ಅಂದಿದ್ರೆ ಅಲ್ಲೇ ನಿಲ್ಲಿಸ್ಕೊಂತಿದ್ರು.”

ಅವ್ವ ಮಾತ್ರ ನಗುತ್ತಿರಲಿಲ್ಲ. ಅರುಂಧತಿ ಕಾಣದವರು ಆರು ತಿಂಗಳ ಮೇಲೆ ಬದುಕುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಅವಳ ತಂದೆ ಒಂದು ಬೇಸಿಗೆ ಕಾಣುತ್ತಿಲ್ಲ ಎಂದವರು ದೀಪಾವಳಿ ನೋಡಲಿಲ್ಲ. ಅದಕ್ಕೇ ಯುಗಾದಿ ಕಳೆದ ಮೇಲೆ, ಹೊತ್ತು ಮುಳುಗಿ ಚುಕ್ಕಿಗಳು ಮೂಡಿದೊಡನೆ ಅಪ್ಪನನ್ನು ತಾರಸಿಗೆ ಹತ್ತಿಸುತ್ತಿದ್ದಳು. “ಕಾಣ್ತೈತೇನ್ರಿ?” ಎಂದು ಕೇಳುವಳು. “ಕಾಣ್ತೈತೆ ಬಿಡೆ” ಎಂದರೆ ಅವಳ ಮುಖ ಅರಳುತ್ತಿತ್ತು, ಆ ರಾತ್ರಿ ಸಾರಿಗೆ ಒಗ್ಗರಣೆ ಕೂಡ ಜೋರಾಗಿಯೇ ಬೀಳುತ್ತಿತ್ತು.

ನನಗೆ ಇದನ್ನೆಲ್ಲ ಕಂಡರೆ ರೇಗುತ್ತಿತ್ತು. ಓದಿದವಳೆಂಬ ಜಂಬ ಬೇರೆ. ಅವ್ವನ ಮೂಢನಂಬಿಕೆಗೆ ನಾನೇ ವಿಜ್ಞಾನದ ಅಂಗಿ ಹೊಲಿದು ತೊಡಿಸಿದೆ. ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಊರಿಗೆ ಹೋದಾಗ ಅವ್ವ ನನ್ನನ್ನು ಒಲೆಯ ಹತ್ತಿರ ಕರೆದು ಹೇಳಿದಳು, “ನಿಮ್ಮಪ್ಪ ಈಚೀಚೆಗೆ ಹೊಸ್ತಿಲು ಎಡವ್ತಾರೆ. ಮೊನ್ನೆ ಬಾಗಿಲ ಮಗ್ಗುಲಾಗಿದ್ದ ಸೈಕಲ್ಲಿಗೆ ಹೋಗಿ ಗುದ್ದಿಕೊಂಡ್ರು. ದಾವಣಗೆರೆಗೆ ಹೋಗಿ ಕಣ್ಣು ತೋರ್ಸ್ಕೊಂಡು ಬರಾನಾ?”

ಅವತ್ತು ಸಂಜೆ ತಾರಸಿಯಲ್ಲಿ ಪ್ರಶ್ನೆ ಕೇಳಿದವಳು ನಾನು. ಅಪ್ಪ ಕತ್ತೆತ್ತಿ, ಸ್ವಲ್ಪ ಹೊತ್ತು ನೋಡಿ, “ಓ ಅಲ್ಲೇ ಐತಲ್ಲ, ವಸಿಷ್ಠನ ಪಕ್ಕದಾಗೆ” ಎಂದ. ಕೆಳಗೆ ಬಂದು ನಮ್ಮೆದುರೇ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದ. ನಾನು ಅವ್ವನಿಗೆ ಪಾಠ ಮಾಡುವ ದನಿಯಲ್ಲಿ ಹೇಳಿದೆ, “ಅಷ್ಟು ಸಣ್ಣ ಚುಕ್ಕಿ ಕಾಣೋರಿಗೆ ಡಾಕ್ಟರು ಯಾಕವ್ವ? ವಯಸ್ಸಾತು, ಎಡವ್ತಾನೆ.” ಆ ಮಾತು ಆಡಿದ್ದು ನಾನೇ. ಮರುವರ್ಷದ ಬೇಸಿಗೆಯಲ್ಲೂ ಅದೇ ಪ್ರಶ್ನೆ ಕೇಳಿದೆ, ಅದೇ ಉತ್ತರ ಬಂತು, ಅದೇ ಸಮಾಧಾನದಿಂದ ಜಗಳೂರಿಗೆ ವಾಪಸು ಬಂದೆ.

ಈ ವರ್ಷ ಲೈನಿಂಗ್ ಬಟ್ಟೆ ತರಲು ಅಪ್ಪನ ಜೊತೆ ಹೊನ್ನಾಳಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರು ಬಲಗಡೆಯಿಂದ ಬಾಳೆಹಣ್ಣಿನ ತಳ್ಳುಗಾಡಿ ನಿಧಾನವಾಗಿ ಬರುತ್ತಿತ್ತು. ಅಪ್ಪ ನೇರ ಹೋಗಿ ಅದಕ್ಕೆ ಹಾಯ್ದು ಬಿದ್ದ. ಗಾಡಿಯವನು ಪಾಪ, ಕೈ ಹಿಡಿದು ಎಬ್ಬಿಸಿ, “ಏನ್ ಯಜಮಾನ್ರೆ, ಇಷ್ಟು ದೊಡ್ಡ ಗಾಡಿ ಕಾಣ್ಲಿಲ್ವಾ?” ಎಂದ. ಅಪ್ಪ ನನ್ನ ಕಡೆ ನೋಡಲಿಲ್ಲ. ಬಟ್ಟೆಯ ಮಾತು ಬಿಟ್ಟು ಅಲ್ಲಿಂದಲೇ ದಾವಣಗೆರೆ ಬಸ್ ಹತ್ತಿಸಿದೆ.

ಕಣ್ಣಿನ ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ, ಈ ಕಾಯಿಲೆ ನೋಟವನ್ನು ಅಂಚಿನಿಂದ ತಿನ್ನುತ್ತಾ ಬರುತ್ತದೆ, ನಡುವೆ ಕಾಣುವುದು ಕೊನೆಯವರೆಗೂ ಉಳಿದಿರಬಹುದು ಎಂದರು. ಅಪ್ಪ ಅವತ್ತು ಸೂಜಿಗೆ ದಾರ ಪೋಣಿಸಿದ್ದು ಎಡಗಣ್ಣಿನಲ್ಲಿ ಉಳಿದಿದ್ದ ಆ ನಡುವಿನ ಚೂರಿನಿಂದ. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬಹುದು, ಬಲಗಣ್ಣಿನಲ್ಲಿ ಏನಾದರೂ ಉಳಿದಿದೆಯೇ ಎಂದು ಪರೀಕ್ಷೆ ಮಾಡಿ ನೋಡೋಣ ಎಂದರು. ಆಮೇಲೆ ಮೆಲ್ಲಗೆ, “ಎರಡು ವರ್ಷ ಮೊದಲೇ ಕರಕೊಂಡು ಬರಬೇಕಿತ್ತು ನೀವು” ಎಂದರು.

ಆ ಪರೀಕ್ಷೆಯ ಯಂತ್ರ ಒಂದು ದೊಡ್ಡ ಬಿಳಿ ಬಟ್ಟಲಿನ ಹಾಗಿತ್ತು. ಗದ್ದ ಊರಿ ಒಳಗೆ ನೋಡಬೇಕು. ಅಲ್ಲಲ್ಲಿ ಮಸುಕಾದ ಬಿಳಿ ಚುಕ್ಕಿಗಳು ಮಿನುಗಿ ಹೋಗುತ್ತವೆ, ಕಂಡಾಗ ಕೈಯಲ್ಲಿರುವ ಬಟನ್ ಒತ್ತಬೇಕು. ಅಪ್ಪನ ಕಡೆಯಿಂದ ಟಕ್ ಟಕ್ ಎಂದು ಸದ್ದು ಬರುತ್ತಲೇ ಇತ್ತು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಯಂತ್ರ ನೋಡಿಕೊಳ್ಳುವ ಹುಡುಗಿ ಹೊರಗೆ ಬಂದು, “ಮೇಡಂ, ಚುಕ್ಕಿ ಬರದಿದ್ದಾಗಲೂ ಒತ್ತುತ್ತಿದ್ದಾರೆ. ಇದು ಲೆಕ್ಕಕ್ಕೆ ಬರಲ್ಲ, ಇನ್ನೊಂದು ಸಲ ಮಾಡಬೇಕು. ಸ್ವಲ್ಪ ತಿಳಿಸಿ ಹೇಳಿ” ಎಂದಳು.

ನಾನು ಸಿಟ್ಟಿನಿಂದಲೇ ಕೇಳಿದೆ, “ಕಾಣ್ದೆ ಇದ್ದದ್ದಕ್ಕೆ ಯಾಕಪ್ಪ ಒತ್ತಿದೆ?”

ಅಪ್ಪ ಬೆಂಚಿನ ಮೇಲೆ ಕೂತು ಪಂಚೆಯ ಅಂಚನ್ನು ಬೆರಳಲ್ಲಿ ಹಿಡಿದುಕೊಂಡಿದ್ದ. “ರೂಢಿ ಆಗೋಗೈತೆ ಕಣವ್ವ” ಎಂದ.

“ಅರುಂಧತಿ?”

“ಅದು ಕಾಣದೆ ನಾಕು ಬೇಸ್ಗಿ ಆತು.”

“ಅವ್ವ ಹೇಳಿದ ಆರು ತಿಂಗಳು ಎಷ್ಟು ಸಲ ದಾಟಿತು ಅಪ್ಪ! ಆಮೇಲಾದರೂ ಹೇಳಬಹುದಿತ್ತಲ್ಲ?”

“ಮೊದ್ಲ ವರ್ಷ ನಿಮ್ಮವ್ವಂಗೆ ಹೆದರಿ ಹೇಳ್ಲಿಲ್ಲ. ಸಾಯಾಕೆ ಹೆದರಿ ಅಲ್ಲ. ಹೇಳಿದ್ರೆ ಆಕಿ ದಿನಾ ನನ್ನ ಮಾರಿ ನೋಡ್ಕೊಂತ ಕುಂತ್ಕೊಂಬ್ತಾಳೆ, ಅದನ್ನ ತಡ್ಕೊಳಾಕೆ ಆಗಲ್ಲ ನಂಗೆ. ಆಮೇಲೆ ಸುಳ್ಳು ಹಳೇದಾತು. ಮತ್ತೆ...” ಎಂದು ತಡೆದ. “ಕಾಣ್ತೈತೆ ಅಂದ್ರೆ ನೀನೂ ಖುಷಿ ಪಡ್ತಿದ್ದೆ.”

ನನಗೆ ಅಳು ಬಂತು. ಆಸ್ಪತ್ರೆಯ ಮಂದಿಯೆದುರು ಅತ್ತೆ, ನಾಚಿಕೆಯೇನೂ ಆಗಲಿಲ್ಲ. ಕಣ್ಣನ್ನು ಪಕ್ಕಕ್ಕೆ ಸರಿಸಿದರಷ್ಟೇ ಸಿಗುವ ಚುಕ್ಕಿ, ಅಂಚಿನ ನೋಟ ಹೋದವನಿಗೆ ಸಿಗುವುದಾದರೂ ಹೇಗೆ? ಅಪ್ಪ ಹುಟ್ಟುವ ಮೊದಲೇ ಆ ನಕ್ಷತ್ರದಿಂದ ಹೊರಟ ಬೆಳಕು ನಾಲ್ಕು ಬೇಸಿಗೆ ಅವನ ಮುಖದ ಮೇಲೆ ಬಿದ್ದು ಹೋಗಿತ್ತು. ಅವನು ನೋಡುತ್ತಿದ್ದುದು ಅವ್ವನ ಮುಖವನ್ನು, ನನ್ನ ಮುಖವನ್ನು. ನಾವಿಬ್ಬರೂ ಒಂದೊಂದು ಕಾರಣಕ್ಕೆ ಅವನ ಬಾಯಿಂದ ಹೌದು ಎನ್ನಿಸುತ್ತಿದ್ದೆವು. ಅವ್ವನದು ಭಯ. ನನ್ನದು ಏನೆಂದು ಹೇಳಲಿ, ಬರೀ ಉಡಾಫೆ.

“ಈ ಸಲ ನಿಜ ಒತ್ತಪ್ಪ. ಕಂಡ್ರೆ ಮಾತ್ರ ಒತ್ತು. ಯಾರೂ ಏನೂ ಅನ್ನಲ್ಲ” ಎಂದೆ. “ನಿನ್ನಾಣೆ, ಕಂಡ್ರೆ ಮಾತ್ರ ಒತ್ತೀನಿ” ಎಂದ.

ಎಡಗಣ್ಣಿಗೆ ಪಟ್ಟಿ ಕಟ್ಟಿ, ಕೋಣೆಯ ದೀಪ ಆರಿಸಿದರು. ನನ್ನನ್ನೂ ಒಳಗೆ ನಿಲ್ಲಲು ಬಿಟ್ಟರು. ಅಪ್ಪ ಗದ್ದ ಊರಿ, ಬಟನ್ ಮೇಲೆ ಹೆಬ್ಬೆರಳಿಟ್ಟು, ಅಲುಗಾಡದೆ ಕೂತ. ಹುಡುಗಿಯ ಮುಂದಿದ್ದ ಪರದೆಯಲ್ಲಿ ಚುಕ್ಕಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಅಂಚಿನಲ್ಲಿ ಮಿನುಗುತ್ತಿತ್ತು. ನಾನು ಆ ಒಂದು ಸದ್ದಿಗೆ ಕಾದೆ. ದೇವರನ್ನು ಎಂದೂ ನೆನೆಯದ ನಾನೂ, ಒಂದು ಸಲವಾದರೂ ಒತ್ತಲಿ ಎಂದು ನೆನೆದೆ.

ತುಂಬ ಹೊತ್ತಾದ ಮೇಲೆ ಅಪ್ಪ, ಗದ್ದ ಎತ್ತದೆ, ತಾಳ್ಮೆಯಿಂದ ಕೇಳಿದ, “ಯಾಕ್ ತಾಯಿ, ಇನ್ನೂ ಶುರು ಮಾಡಿಲ್ವಾ?”

ಹುಡುಗಿ ನನ್ನ ಮುಖ ನೋಡಿದಳು. ಪರೀಕ್ಷೆ ಶುರುವಾಗಿ ಆಗಲೇ ನಾಲ್ಕು ನಿಮಿಷವಾಗಿತ್ತು.